ಮಾಲ್ಮೋದಲ್ಲಿ ಅಕ್ಟೋಬರ್ ಚಾಟ್ನಿ

ಸ್ವೀಡನ್ನಿನ ಮಾಲ್ಮೋ ಊರಿನ ಅಂಚಿನಲ್ಲಿ ಬಾಡಿಗೆಗೆ ಸಿಗುವ ತೋಟದ ತುಂಡುಗಳಿವೆ. ಒಂದು ಪುಟ್ಟ ಮರದ ಗುಡಿಸಲು, ನಾಲ್ಕು ಮಡಿ ಮಣ್ಣು, ಸುತ್ತ ಬೇಲಿ, ಅಷ್ಟೆ. ಅದಕ್ಕಾಗಿ ಜನ ವರ್ಷಗಟ್ಟಲೆ ಸರದಿ ಕಾಯುತ್ತಾರೆ. ನನ್ನ ಸರದಿ ಬಂದಾಗ ಗೆಳತಿಯರೆಲ್ಲ ನಕ್ಕರು. ದಿನಾ ಬೆಳಗ್ಗೆ ಸೇತುವೆ ದಾಟಿ ಕೋಪನ್‌ಹೇಗನ್ನಿಗೆ ಹೋಗಿ, ಕಂಪ್ಯೂಟರ್ ಮುಂದೆ ಕೂತು, ಸಂಜೆ ರೈಲಿನಲ್ಲಿ ತೂಕಡಿಸುತ್ತ ಬರುವವಳಿಗೆ ಹೊಲ ಯಾಕೆ ಬೇಕು ಎಂದು. ನಾನು ವಿಜಯಪುರದ ಕಡೆಯ ದ್ರಾಕ್ಷಿ ಬೆಳೆಗಾರನ ಮಗಳು. ಕೈಗೆ ಮಣ್ಣು ಹತ್ತದೆ ವರ್ಷಗಳು ಕಳೆದಿದ್ದವು, ನನಗೆ ಸಾಕಾಗಿತ್ತು.

ಪಕ್ಕದ ತುಂಡಿನಲ್ಲಿ ಒಂದು ಗಾಜಿನ ಮನೆ ಇತ್ತು. ಅದರೊಳಗೆ ಒಂದೇ ಒಂದು ದ್ರಾಕ್ಷಿ ಬಳ್ಳಿ, ಬೊಡ್ಡೆ ತೋಳಿನಷ್ಟು ದಪ್ಪ. ಮೊದಲ ದಿನವೇ ನಾನು ಬೇಲಿಯ ಮೇಲಿಂದ ಕತ್ತು ಚಾಚಿ ನೋಡುತ್ತ ನಿಂತೆ. ಒಳಗಿದ್ದ ಮುದುಕರು ಹೊರಗೆ ಬಂದು, ಸ್ವೀಡನ್ನಿನಲ್ಲಿ ಯಾರೂ ಮಾಡದ ಕೆಲಸ ಮಾಡಿದರು. ಗುರುತಿಲ್ಲದವಳನ್ನು ಕೈಬೀಸಿ ಒಳಗೆ ಕರೆದರು. ಅವರು ಮೆಕ್ಸಿಕೋದವರು. ಸ್ವೀಡನ್ನಿನ ಹೆಣ್ಣುಮಗಳನ್ನು ಮದುವೆಯಾಗಿ ಹರೆಯದಲ್ಲೇ ಇಲ್ಲಿಗೆ ಬಂದು, ಸಂಜೆ ಶಾಲೆಯಲ್ಲಿ ಸ್ಪ್ಯಾನಿಷ್ ಕಲಿಸುತ್ತ ನಿವೃತ್ತರಾದವರು. ಹೆಂಡತಿ ತೀರಿಕೊಂಡಿದ್ದರು. ಮಕ್ಕಳಿರಲಿಲ್ಲ. ಮುಂದೆ ನಮ್ಮಪ್ಪ ಅವರನ್ನು ‘ಮಾಸ್ತರ್ರು’ ಅಂದ. ನಾನೂ ಇಲ್ಲಿ ಹಾಗೇ ಕರೆಯುತ್ತೇನೆ.

ಅವರ ಊರು ಪಾರಾಸ್. ಅವರ ಭಾಷೆಯಲ್ಲಿ ಹಾಗೆಂದರೆ ದ್ರಾಕ್ಷಿ ಬಳ್ಳಿಗಳು ಎಂದೇ ಅರ್ಥ. ಮೆಕ್ಸಿಕೋದ ಉತ್ತರದ ಮರುಭೂಮಿಯ ನಡುವೆ, ನೀರಿನ ಬುಗ್ಗೆಗಳ ಪುಣ್ಯದಿಂದ ಹಸಿರಾಗಿ ಉಳಿದ ಊರು. ಸ್ಪೇನಿನವರು ಬಂದಾಗ ಅಲ್ಲಿ ಕಾಡು ದ್ರಾಕ್ಷಿ ಹಬ್ಬಿತ್ತಂತೆ. ಅದನ್ನು ಕಂಡು, ತಮ್ಮ ನಾಡಿನ ಬಳ್ಳಿ ತಂದು ನೆಟ್ಟು, ವೈನ್ ಮಾಡಿದರು. ಅಮೆರಿಕ ಖಂಡದಲ್ಲೇ ಎಲ್ಲಕ್ಕಿಂತ ಹಳೆಯ ವೈನ್ ತಯಾರಿಕೆ ತಮ್ಮೂರಿನದು ಎಂದು ಹೇಳುವಾಗ ಮಾಸ್ತರರ ಬಾಗಿದ ಬೆನ್ನು ನೆಟ್ಟಗಾಗುತ್ತಿತ್ತು. ಗಾಜಿನ ಮನೆಯ ಬಳ್ಳಿ ಅವರ ತಾಯಿಯ ಹಿತ್ತಲಿನದು. ಹಿಂದಿನ ಪಾದ್ರಿಗಳು ಪೂಜೆಯ ವೈನಿಗೆಂದು ಊರಿಂದೂರಿಗೆ ಒಯ್ದು ನೆಟ್ಟ ಕಪ್ಪು ದ್ರಾಕ್ಷಿಯ ತಳಿ. ಒಮ್ಮೆ ಊರಿಗೆ ಹೋದಾಗ ಅದರ ಕಡ್ಡಿಯೊಂದನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ, ಕಾಲುಚೀಲಗಳ ನಡುವೆ ಬಚ್ಚಿಟ್ಟು ತಂದಿದ್ದರು.

ಆದರೆ ಆ ಬಳ್ಳಿಯಿಂದ ಅವರು ಒಂದು ಸಲವೂ ವೈನ್ ಮಾಡಿರಲಿಲ್ಲ. ಬಿಡುತ್ತಿದ್ದುದೇ ಕೆಲವು ಗೊನೆ, ಅವನ್ನು ಹೆಂಡತಿ ಬಳ್ಳಿಯಿಂದಲೇ ಕಿತ್ತು ತಿಂದು ಮುಗಿಸುತ್ತಿದ್ದರು. ಹೆಂಡತಿ ಹೋದ ಮೇಲೆ ತಿನ್ನುವವರಿಲ್ಲದೆ, ಈ ಸಲ ಒಂದು ಶೀಶೆಯಷ್ಟಾದರೂ ಮಾಡುತ್ತೇನೆ, ನನ್ನ ತಾಯಿ ಪಾರಾಸಿನಲ್ಲಿ ಮಾಡುತ್ತಿದ್ದ ಹಾಗೆ ಕಾಲಿಂದ ತುಳಿದು ಮಾಡುತ್ತೇನೆ ಎಂದು ಹೊರಟರು. ಆ ಬೇಸಿಗೆ ಅವರು ಆಸ್ಪತ್ರೆಯಲ್ಲಿ ಪರೀಕ್ಷೆಗಳ ಮೇಲೆ ಪರೀಕ್ಷೆ ಮಾಡಿಸಿಕೊಳ್ಳುತ್ತಿದ್ದಾಗ ಒಡೆದ ಗಾಜಿನ ಸಂದಿಯಿಂದ ಹಕ್ಕಿಗಳು ನುಗ್ಗಿ ಎಲ್ಲವನ್ನೂ ತಿಂದುಹಾಕಿದವು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಬೇಸಿಗೆಯ ಕೊನೆಗೆ ವೈದ್ಯರು ಇದು ಕ್ಯಾನ್ಸರ್, ಹಬ್ಬಿಬಿಟ್ಟಿದೆ ಎಂದರು. ಬರುವ ವರ್ಷದ ಸುಗ್ಗಿ ಕಂಡರೆ ಕಂಡರು, ಇಲ್ಲದಿದ್ದರೆ ಇಲ್ಲ. ಮಾಸ್ತರರು ಅದನ್ನು ನನಗೆ ಹೇಳಿದ್ದು ಬಳ್ಳಿಗೆ ನೀರು ಹಾಕುತ್ತ.

“ಒಂದೇ ಒಂದು ಸುಗ್ಗಿ ಸಿಕ್ಕರೆ ಸಾಕಿತ್ತು ನೋಡು,” ಅಂದರು. “ಬೇರೆ ಏನೂ ಕೇಳೋದಿಲ್ಲ.”

ಅದೇ ವರ್ಷ ಮಾರ್ಚಿನಲ್ಲಿ ನಮ್ಮವ್ವ ಹೋಗಿದ್ದಳು. ಸುದ್ದಿ ತಿಳಿದು ನಾನು ಊರು ಮುಟ್ಟುವಷ್ಟರಲ್ಲಿ ಮಣ್ಣು ಮುಗಿದಿತ್ತು. ಅಪ್ಪನನ್ನು ಒಂದಿಷ್ಟು ದಿನವಾದರೂ ನನ್ನ ಬಳಿ ಇಟ್ಟುಕೊಳ್ಳಬೇಕೆಂದು ಹಟ ಹಿಡಿದು, ತೋಟವನ್ನು ಚಿಕ್ಕಪ್ಪನ ಮಗನಿಗೆ ಒಪ್ಪಿಸಿ, ಸೆಪ್ಟೆಂಬರಿನಲ್ಲಿ ಮಾಲ್ಮೋಗೆ ಕರೆಸಿಕೊಂಡೆ. ಅಪ್ಪ ಬಂದ. ಜೋಳದ ಹಿಟ್ಟು, ಶೇಂಗಾ ಚಟ್ನಿ, ನಮ್ಮ ಕಡೆ ಮಣೂಕ ಎನ್ನುವ ಒಣದ್ರಾಕ್ಷಿ ಒಂದು ಚೀಲ, ಎಲ್ಲ ತಂದ. ಮಾತು ಮಾತ್ರ ತರಲಿಲ್ಲ. ಕಿಟಕಿಯ ಪಕ್ಕ ಕೂತು ಸೈಕಲ್ಲಿನವರನ್ನು ನೋಡುವುದೇ ಅವನ ಕೆಲಸವಾಯಿತು. ಟಿವಿ ಹಾಕಿದರೆ ಬೇಡ, ಪೇಟೆಗೆ ಕರೆದರೆ ಬೇಡ. ನನಗೂ ಒಮ್ಮೊಮ್ಮೆ ಸಿಟ್ಟು ಬರುತ್ತಿತ್ತು. ಅವ್ವ ನನಗೂ ಅವ್ವನೇ ಅಲ್ಲವೇ ಎನ್ನಬೇಕೆನಿಸುತ್ತಿತ್ತು.

ಒಂದು ಶನಿವಾರ ಬಲವಂತದಿಂದ ತೋಟಕ್ಕೆ ಎಳೆದುಕೊಂಡು ಹೋದೆ. ಗಾಜಿನ ಮನೆ ಕಂಡದ್ದೇ ತಡ, ಅಪ್ಪ ನನ್ನ ಕೈ ಬಿಟ್ಟು ನೆಟ್ಟಗೆ ಒಳಗೆ ನಡೆದ. ಬಳ್ಳಿಯ ತೊಗಟೆ ಕೆರೆದ, ಎಲೆ ಮಗುಚಿ ನೋಡಿದ, ಕಡ್ಡಿ ಬಗ್ಗಿಸಿ ಕಿವಿಗೆ ಹಿಡಿದ. ಮಾಸ್ತರರು ಕುರ್ಚಿಯಲ್ಲಿ ಕೂತು ನಗುತ್ತಿದ್ದರು.

“ಇದು ನಮ್ಮ ಥಾಮ್ಸನ್ ದ್ರಾಕ್ಷಿ ಅಲ್ಲವ್ವಾ. ಜಾತಿನ ಬ್ಯಾರೆ,” ಅಂದ ಅಪ್ಪ. “ಕೇಳವ್ರನ್ನ, ಎಲ್ಲಿಂದ ತಂದಾರಂತ.”

ಅಂದಿನಿಂದ ಪ್ರತಿ ಶನಿವಾರ ಫೀಕಾ ಅಲ್ಲೇ. ಸ್ವೀಡನ್ನಿನವರ ಈ ಕಾಫಿ-ತಿಂಡಿಯ ಹೊತ್ತು ಎಂದರೆ ಅಪ್ಪನಿಗೆ ಕರಿ ಕಷಾಯ ಕುಡಿಯುವ ಶಿಕ್ಷೆ. ಆದರೂ ಬಿಡದೆ ಬರುತ್ತಿದ್ದ. ಮಾಸ್ತರರು ಏಲಕ್ಕಿ ಬನ್ನು ತಂದರೆ ಅಪ್ಪ ಮಣೂಕ ತರುತ್ತಿದ್ದ. ಇಬ್ಬರ ನಡುವೆ ನಾನು ದುಭಾಷಿ. ಮಾಸ್ತರರು ಸ್ವೀಡಿಷ್ ಮತ್ತು ಇಂಗ್ಲಿಷ್ ಬೆರೆಸಿ ಹೇಳುವುದು, ನಾನು ಅದನ್ನು ನಮ್ಮೂರ ಮಾತಿಗೆ ತಿರುಗಿಸುವುದು. ಮಾಲ್ಮೋದ ಕನ್ನಡದವರ ನಡುವೆ ಬೆಂಗಳೂರಿನವರಂತೆ ಮಾತಾಡಿ ಮಾತಾಡಿ ನನ್ನ ನಾಲಿಗೆ ಸವೆದಿತ್ತು. ಆ ಶನಿವಾರಗಳಲ್ಲಿ ಅದು ಮತ್ತೆ ದಾರಿಗೆ ಬಂತು.

ಮಾಸ್ತರರು ತಮ್ಮ ದೇಶದ ವೈನಿನ ಕಥೆಯನ್ನು ಕಂತು ಕಂತಾಗಿ ಹೇಳುತ್ತಿದ್ದರು. ಪಾರಾಸಿನ ವೈನ್ ಗಣಿಗಳ ಊರಿಗೆ ಕತ್ತೆಗಳ ಮೇಲೆ ಹೋಗುತ್ತಿದ್ದದ್ದು. ಅದು ಹೆಚ್ಚಿದಂತೆ ಸ್ಪೇನಿನ ವೈನ್ ವರ್ತಕರಿಗೆ ಹೊಟ್ಟೆ ಉರಿದದ್ದು. ಕೊನೆಗೆ ರಾಜನೇ, ಆ ನಾಡಿನಲ್ಲಿ ಹೊಸ ಬಳ್ಳಿ ನೆಡಕೂಡದು, ನೆಟ್ಟದ್ದನ್ನು ಕೀಳಬೇಕು ಎಂದು ಸಾಗರದಾಚೆಯಿಂದ ಆಜ್ಞೆ ಹೊರಡಿಸಿದ್ದು. ನಾನು ಅದನ್ನು ಅಪ್ಪನಿಗೆ ಹೇಳಿದಾಗ ಅವನ ಕೈಯಲ್ಲಿದ್ದ ಬನ್ನು ಅಲ್ಲೇ ನಿಂತಿತು.

“ಕೀಳಾಕ ಅವರಪ್ಪ ನೆಟ್ಟಿದ್ನೇನು?”

ಮಾಸ್ತರರಿಗೆ ಆ ಮಾತು ಬಹಳ ಹಿಡಿಸಿತು. ಎರಡು ಸಲ ಹೇಳಿಸಿಕೊಂಡರು. ಪೂಜೆಗೆ ವೈನ್ ಬೇಕಲ್ಲ, ಹಾಗಾಗಿ ಪಾದ್ರಿಗಳ ಬಳ್ಳಿಗಳು ಉಳಿದವು ಎಂದರು. “ದೇವರ ಹೆಸರಾಗ ಎಲ್ಲಾ ನಡೀತೈತಿ. ನಮ್ಮ ಕಡೆನೂ ಹಂಗ,” ಅಂದ ಅಪ್ಪ, ತನ್ನ ಕೊರಳಿನ ಲಿಂಗ ಮುಟ್ಟಿಕೊಂಡು. ಆದರೂ ಒಬ್ಬ ಪಾದ್ರಿಯ ಬಳ್ಳಿ ಉಳಿಯಲಿಲ್ಲವಂತೆ. ಹಳ್ಳಿಯ ಬಡವರಿಗೆ ಆತ ದ್ರಾಕ್ಷಿ ಬೆಳೆಯಲು ಕಲಿಸಿದ, ಅಧಿಕಾರಿಗಳು ಬಂದು ಕಡಿಸಿ ಹಾಕಿದರು, ಮುಂದೆ ಅದೇ ಪಾದ್ರಿ ಚರ್ಚಿನ ಗಂಟೆ ಬಾರಿಸಿ ಸ್ವಾತಂತ್ರ್ಯದ ಹೋರಾಟಕ್ಕೆ ಜನ ಕೂಡಿಸಿದ ಎಂದು ಅವರ ದೇಶದಲ್ಲಿ ಹೇಳುತ್ತಾರಂತೆ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಬಳ್ಳಿ ಹಬ್ಬಿಸಿದವರಿಗೆ ಮಾತ್ರ ಆ ಸಂಕಟ ಗೊತ್ತು.

ಅಪ್ಪನಿಗೆ ಎಲ್ಲಕ್ಕಿಂತ ಇಷ್ಟವಾದದ್ದು ರಷ್ಯದವರ ಕಥೆ. ತಮ್ಮ ದೇಶದಲ್ಲಿ ಧರ್ಮದ ಕಾಟ ತಾಳದೆ ಓಡಿಬಂದ ಕೆಲವು ಕುಟುಂಬಗಳು ಮೆಕ್ಸಿಕೋದ ಪಶ್ಚಿಮ ಕಡಲಿನ ಹತ್ತಿರದ ಕಣಿವೆಯೊಂದರಲ್ಲಿ ನೆಲೆಸಿದವು. ಕುಡಿತ ಅವರಿಗೆ ನಿಷಿದ್ಧ. ಆದರೂ ದ್ರಾಕ್ಷಿ ಬೆಳೆದರು. ಇವತ್ತು ಆ ದೇಶದ ಒಳ್ಳೆಯ ವೈನಿನ ಬಹುಪಾಲು ಅದೇ ಕಣಿವೆಯದು. ಪಾರಾಸಿನ ಸಣ್ಣ ತೋಟಗಳು ಮಾತ್ರ, ಹೊರದೇಶದ ಅಗ್ಗದ ವೈನ್ ಬಂದು ಬಿದ್ದ ಮೇಲೆ, ಒಂದೊಂದಾಗಿ ಬಾಗಿಲು ಹಾಕಿದವು. ಮಾಸ್ತರರ ಅಣ್ಣನದೂ ಅದರಲ್ಲೊಂದು.

“ನೀವು ನಮ್ಮ ರಷ್ಯದವರು,” ಎಂದು ಮಾಸ್ತರರು ಅಪ್ಪನ ತೊಡೆ ತಟ್ಟಿದರು. “ಕುಡಿಯೋದಿಲ್ಲ, ಬೆಳೀತೀರಿ.”

“ಶಾಣ್ಯಾ ಮಂದಿ ಅವರು,” ಅಂದ ಅಪ್ಪ. ಬಂದ ಮೇಲೆ ಮೊದಲ ಸಲ ನಕ್ಕ. ಅವನ ನಗು ಕಂಡು ನನಗೆ ಅಳು ಬಂತು, ಬನ್ನಿನ ಕಾಗದ ಎಸೆಯುವ ನೆಪದಲ್ಲಿ ಹೊರಗೆ ಹೋದೆ.

ಮನೆಗೆ ಬರುವ ಬಸ್ಸಿನಲ್ಲಿ ಅಪ್ಪನಿಗೆ ಮಾಸ್ತರರ ರೋಗದ ವಿಷಯ ಹೇಳಿದೆ. ಒಂದು ಸುಗ್ಗಿ ಕಾಣುವ ಆಸೆಯೊಂದೇ ಉಳಿದಿದೆ ಅಂತಲೂ ಹೇಳಿದೆ. ಕುಡಿತ ಕಂಡರಾಗದವನ ಮುಂದೆ ವೈನಿನ ಮಾತು ಬಿಟ್ಟೆ. ಹಣ್ಣಿಗಾಗಿ ಕಾಯುತ್ತಿದ್ದಾರೆ ಅಂದೆ.

“ಮುಂದಿನ ವರ್ಷ ಯಾವಾಗ ಬರ್ತೈತಿ ಹಣ್ಣು?”

“ಆಗಸ್ಟ್ ಮುಗಿದ ಮ್ಯಾಲೆ.”

“ಅಷ್ಟು ದಿನಾ ತಡದಾರೇನು ಅವ್ರು?”

ನಾನು ಬಸ್ಸು ನಿಲ್ಲಿಸುವ ಗುಂಡಿ ಒತ್ತಿದೆ. ಅಪ್ಪ ಬೆರಳು ಮಡಿಚಿ ತಿಂಗಳು ಎಣಿಸತೊಡಗಿದ.

ಅಕ್ಟೋಬರಿನ ಶುರುವಿನಲ್ಲಿ ಮಾಸ್ತರರನ್ನು ಕೆಲವು ದಿನ ಆಸ್ಪತ್ರೆಗೆ ಸೇರಿಸಿಕೊಂಡರು. ಗಾಜಿನ ಮನೆಯ ಕೀಲಿಕೈ ನಮಗೆ ಕೊಟ್ಟು, ಮಂಜು ಬಿದ್ದ ರಾತ್ರಿ ಹಚ್ಚುವ ಸಣ್ಣ ಹೀಟರನ್ನು ತೋರಿಸಿ ಹೋದರು. ಎರಡನೆಯ ದಿನ ನಾನು ಕೆಲಸದಿಂದ ಬಂದಾಗ ಮನೆಯೆಲ್ಲ ಬೆಳ್ಳುಳ್ಳಿ ವಾಸನೆ. ಮಿಕ್ಸರಿನ ಜಾರು ತೊಳೆದು ಬೋರಲಾಗಿ ಇಟ್ಟಿತ್ತು. ಅಪ್ಪ ಇರಲಿಲ್ಲ. ಕರೆ ಮಾಡಿದರೆ, ತೋಟದಾಗ ಇದೀನಿ, ಬಾ ಅಂದ. ಒಬ್ಬನೇ ಬಸ್ಸು ಹತ್ತಿ ಹೋಗಿದ್ದ.

ಹೋಗಿ ನೋಡಿದೆ. ಬಳ್ಳಿಗೆ ಅಚ್ಚುಕಟ್ಟಾಗಿ ಚಾಟ್ನಿ ಆಗಿತ್ತು. ಹೊರಗಿನವರು ಇದನ್ನು ಕಡ್ಡಿ ಸವರುವುದು ಅನ್ನಬಹುದು, ದ್ರಾಕ್ಷಿಯವರಿಗೆ ಅದು ಚಾಟ್ನಿ. ನಮ್ಮ ಕಡೆ ಬಳ್ಳಿಗೆ ವರ್ಷಕ್ಕೆ ಎರಡು ಸಲ ಕತ್ತರಿ. ಏಪ್ರಿಲ್ಲಿನದು ಕಡ್ಡಿ ಬೆಳೆಸಲು, ಅಕ್ಟೋಬರಿನದು ಹಣ್ಣಿಗೆ. ಅಕ್ಟೋಬರಿನಲ್ಲಿ ಕತ್ತರಿಸಿ, ಕಡ್ಡಿಯ ಚಿಗುರುಗಣ್ಣು ಬೇಗ ಒಡೆಯಲೆಂದು ಪೇಸ್ಟ್ ಹಚ್ಚಿದರೆ ಶಿವರಾತ್ರಿಯ ಹೊತ್ತಿಗೆ ಗೊನೆ ತೂಗುತ್ತವೆ. ಇಲ್ಲಿ ಆ ಪೇಸ್ಟ್ ಎಲ್ಲಿ ಸಿಗಬೇಕು? ಅದರ ಬದಲು ಅಪ್ಪ ಬೆಳ್ಳುಳ್ಳಿ ಅರೆದು ಒಂದೊಂದು ಕಣ್ಣಿಗೂ ಹಚ್ಚಿದ್ದ. ಕತ್ತರಿಗೆ ವಿಭೂತಿ ಬಳಿದಿತ್ತು. ಬುಡದಲ್ಲಿ ಎರಡು ಊದಿನಕಡ್ಡಿ ಉರಿಯುತ್ತಿದ್ದವು.

“ಮುಂದಿನ ವರ್ಷದ ತನಕ ಯಾಕ ಕಾಯಬೇಕು ಅವ್ರು?” ಅಂದ. “ಶಿವರಾತ್ರಿಗೆ ಹಣ್ಣು ಬರ್ತೈತಿ. ಬೆಚ್ಚಗಿನ ಮನಿ ಐತಿ, ನೀರೈತಿ. ಬಳ್ಳಿಗೆ ಇನ್ನೇನು ಬೇಕು?”

ನನಗೂ ಹೌದೆನಿಸಿತು. ಬಳ್ಳಿ ನಿದ್ದೆ ಮಾಡುತ್ತದೆ ಎಂಬ ಮಾತನ್ನೇ ಕೇಳದ ಊರಿನವರು ನಾವು. ನಮ್ಮ ಬಿಸಿಲಿನಲ್ಲಿ ಅದಕ್ಕೆಲ್ಲಿಯ ನಿದ್ದೆ.

ಮಾಸ್ತರರು ಆಸ್ಪತ್ರೆಯಿಂದ ನೇರವಾಗಿ ಬಂದರು. ಬಾಗಿಲಲ್ಲೇ ನಿಂತು ಬಳ್ಳಿಯನ್ನು ಬುಡದಿಂದ ತುದಿಯವರೆಗೆ ನೋಡಿದರು. ಬೆಳ್ಳುಳ್ಳಿಯ ವಾಸನೆಗೆ ಮೂಗರಳಿಸಿದರು. ಅಪ್ಪ ಕೈಕಟ್ಟಿ, ಪರೀಕ್ಷೆ ಬರೆದು ಮುಗಿಸಿದವನ ಹಾಗೆ ನಿಂತಿದ್ದ.

“ಹಣ್ಣು ಯಾವಾಗ ಅಂತೆ?” ಎಂದು ನನ್ನನ್ನು ಕೇಳಿದರು.

ಶಿವರಾತ್ರಿ ಯಾವಾಗ ಬರುತ್ತದೆ ಎಂದು ವಿವರಿಸಿದೆ. ಮಾಸ್ತರರು ಅಪ್ಪನ ಎರಡೂ ಕೈ ಹಿಡಿದು ಬಹಳ ಹೊತ್ತು ಕುಲುಕಿದರು. ಸ್ಪ್ಯಾನಿಷ್‌ನಲ್ಲಿ ಏನೋ ಹೇಳಿದರು, ಅದನ್ನು ನನಗೂ ತಿರುಗಿಸಿ ಹೇಳಲಿಲ್ಲ.

ಆ ಶರತ್ಕಾಲದಲ್ಲಿ ಎಂದಿನ ಚಳಿ ಇರಲಿಲ್ಲ. ಕಣ್ಣು ಒಡೆದವು. ನವೆಂಬರಿನಲ್ಲಿ, ಮಧ್ಯಾಹ್ನದ ಚಹಾದ ಹೊತ್ತಿಗೇ ಕತ್ತಲಾಗುವ ಊರಿನಲ್ಲಿ, ಎಳೆಯ ಚಿಗುರು ಹೊರಟಿತು. ಮಾಸ್ತರರು ಹೀಟರನ್ನು ಹಗಲೂ ಹಚ್ಚಿಟ್ಟರು, ಗಿಡಗಳಿಗೆಂದು ಮಾರುವ ನೇರಳೆ ದೀಪವೊಂದನ್ನು ತಂದು ತೂಗುಹಾಕಿದರು. ನಿಲ್ಲಲೂ ಆಗದಷ್ಟು ಸೋತಿದ್ದರೂ ದಿನಾ ಬಂದು ಹೋಗುತ್ತಿದ್ದರು. ಅಪ್ಪ ಚಿಗುರಿನ ಜೊತೆ ಪಾಪುವಿನ ಜೊತೆ ಮಾತಾಡಿದ ಹಾಗೆ ಮಾತಾಡುತ್ತಿದ್ದ. ಉಣ್ಣತೊಡಗಿದ. ರಾತ್ರಿ ಗೊರಕೆ ಹೊಡೆದ. ನವೆಂಬರ್ ಕೊನೆಗೆ ವೀಸಾ ಮುಗಿದು ವಿಮಾನ ಹತ್ತುವಾಗ ನನಗೆ ಹೇಳಿದ್ದು ಒಂದೇ.

“ಗೊನಿ ಬಿಟ್ಟಾಗ ಒಂದಿಷ್ಟು ಕಾಯಿ ಕಿತ್ತು ತೆಳು ಮಾಡು. ಆಸೆ ಮಾಡಬ್ಯಾಡ. ಇದ್ದ ಹಣ್ಣು ಸಿಹಿ ಆಗ್ಲಿ.”

ಅವನನ್ನು ಬೀಳ್ಕೊಟ್ಟ ಮರುದಿನ ತೋಟಕ್ಕೆ ಹೋದೆ. ಮಾಸ್ತರರು ದೀಪ ಬಿಚ್ಚುತ್ತಿದ್ದರು. ಹೀಟರ್ ಆಗಲೇ ತಣ್ಣಗಾಗಿತ್ತು.

“ಯಾಕೆ ಆರಿಸಿದಿರಿ?” ಎಂದು ಕಿರುಚಿಯೇಬಿಟ್ಟೆ.

ಅವರು ಕುರ್ಚಿಯಲ್ಲಿ ಕೂತು ನಿಧಾನವಾಗಿ ಹೇಳಿದರು. ಈ ನಾಡಿನಲ್ಲಿ ಬಳ್ಳಿ ಚಳಿಗಾಲವಿಡೀ ನಿದ್ದೆ ಮಾಡಬೇಕು. ಫೆಬ್ರವರಿಯ ಚಳಿಯಲ್ಲಿ, ಅದು ಗಾಢ ನಿದ್ದೆಯಲ್ಲಿರುವಾಗ, ಕತ್ತರಿ ಹಾಕಬೇಕು. ಬಿಸಿಲಿಲ್ಲದೆ ಹೂ ನಿಲ್ಲುವುದಿಲ್ಲ, ದೀಪದಿಂದ ಚಿಗುರನ್ನು ಒಂದಿಷ್ಟು ದಿನ ಉಳಿಸಬಹುದು, ಹಣ್ಣು ಮಾಡಲಾಗದು. ಬರುವ ವರ್ಷ ಗೊನೆ ಬಿಡಬೇಕಾದ ಕಣ್ಣುಗಳೇ ಈಗ ಒಡೆದುಹೋಗಿವೆ. ಬುಡವಾದರೂ ಬದುಕಲಿ ಎಂದರೆ ಇನ್ನು ಮಲಗಿಸಬೇಕು.

“ನಿಮಗೆ ಮೊದಲ ದಿನವೇ ಗೊತ್ತಿತ್ತಾ?”

“ಗೊತ್ತಿತ್ತು.”

“ಹೇಳಬೇಕಿತ್ತಲ್ಲ!”

“ಕತ್ತರಿಸಿದ್ದನ್ನು ಅಂಟಿಸೋಕಾಗುತ್ತಾ?” ಅಂದರು. “ಹೆಂಡತಿ ಹೋದ ವರ್ಷ ನನಗೆ ಬೆಳಗ್ಗೆ ಏಳೋಕೆ ಒಂದು ಕಾರಣ ಇರಲಿಲ್ಲ. ನಿಮ್ಮಪ್ಪನಿಗೆ ಸಿಕ್ಕಿತ್ತು. ಅದನ್ನ ಕಿತ್ತುಕೊಳ್ಳಲಾ? ಅವನಿಗೆ ಹೇಳಬೇಡ. ಯಾವತ್ತೂ.”

ಮೊದಲ ಹಿಮಕ್ಕೆ ಚಿಗುರು ಕರಿದಾಗಿ ಜೋತುಬಿತ್ತು. ಮುಟ್ಟಿದರೆ ಬೆರಳಿಗೆ ಲೋಳೆ ಲೋಳೆಯಾಗಿ ಹತ್ತುತ್ತಿತ್ತು. ನಮ್ಮಪ್ಪ ಪ್ರೀತಿಯಿಂದಲೇ ಆ ಮನುಷ್ಯನ ಕೊನೆಯ ಸುಗ್ಗಿ ಕತ್ತರಿಸಿದ್ದ. ಯಾರನ್ನು ಬೈಯಬೇಕೋ ತಿಳಿಯದೆ ನಾನು ಆ ಚಳಿಗಾಲವನ್ನೇ ಬೈದುಕೊಂಡು ಓಡಾಡಿದೆ.

ಅಪ್ಪ ವಾರಕ್ಕೊಮ್ಮೆ ಕೇಳುತ್ತಿದ್ದ. ಹೂವಾತೇನು? ಕಾಯಿ ಕಟ್ಟೇತೇನು? ನಾನು ಹೂಂ, ಹೂಂ ಅನ್ನುತ್ತಿದ್ದೆ. ಫೋಟೋ ಕಳಿಸು ಅಂದರೆ ಕೆಲಸ ಅನ್ನುತ್ತಿದ್ದೆ. ಶಿವರಾತ್ರಿ ಹತ್ತಿರ ಬಂದಾಗ ಸುಳ್ಳಿಗೆ ಜಾಗವೇ ಉಳಿಯಲಿಲ್ಲ. ಮಾಸ್ತರರು ಆಗ ಮನೆಯಲ್ಲೇ ಮಲಗಿರುತ್ತಿದ್ದರು, ನರ್ಸ್ ಬಂದು ಹೋಗುತ್ತಿದ್ದಳು. ಅಪ್ಪನಿಗೆ ಇನ್ನೇನು ಹೇಳಲಿ ಎಂದು ಅವರನ್ನೇ ಕೇಳಿದೆ.

“ಅಂಗಡಿಯಿಂದ ಕಪ್ಪು ದ್ರಾಕ್ಷಿ ತಗೊಂಡು ಬಾ,” ಅಂದರು. “ಒಳ್ಳೇದು ನೋಡಿ ತಾ.”

ದಿಂಬಿಗೆ ಒರಗಿಸಿ ಕೂರಿಸಿದೆ. ತಲೆ ಬಾಚಿಸಿಕೊಂಡರು, ಇಸ್ತ್ರಿ ಮಾಡಿದ ಅಂಗಿ ಹಾಕಿಸಿಕೊಂಡರು. ವಿಡಿಯೋ ಕರೆಯಲ್ಲಿ ಅಪ್ಪ ಉಪವಾಸದ ದಿನದ ಮಡಿಯಲ್ಲಿ, ಹಣೆತುಂಬ ವಿಭೂತಿ ಬಳಿದು ಕೂತಿದ್ದ. ಮಾಸ್ತರರು ಗೊನೆಯನ್ನು ತೊಟ್ಟು ಹಿಡಿದು ಎತ್ತಿ ತೋರಿಸಿ, ಒಂದು ಹಣ್ಣು ಕಿತ್ತು ಬಾಯಿಗೆ ಹಾಕಿಕೊಂಡರು. ಆಗ ಅವರಿಗೆ ನುಂಗುವುದೇ ಕಷ್ಟವಿತ್ತು. ಕಣ್ಣು ಮುಚ್ಚಿ, ಜಗಿದು, ನುಂಗಿ, ಇನ್ನೊಂದು ಹಾಕಿಕೊಂಡರು. ಅಪ್ಪ ಪರದೆಗೆ ಮುಖ ತಂದು ನೋಡುತ್ತಿದ್ದ.

“ತಿನ್ನಲಿ, ತಿನ್ನಲಿ,” ಅಂದ ಕೊನೆಗೆ. “ಸಾವಕಾಶ ತಿನ್ನಾಕ ಹೇಳವ್ವಾ.”

ಮಾಸ್ತರರು ಮೇ ತಿಂಗಳಲ್ಲಿ ತೀರಿಕೊಂಡರು. ಬಳ್ಳಿ ಬುಡದಿಂದ ಚಿಗುರಿತ್ತು, ಎಲೆ ಚೆನ್ನಾಗಿ ಬಂದಿತ್ತು, ಒಂದು ಗೊನೆಯೂ ಇರಲಿಲ್ಲ. ಅವರ ತಾಯಿ ತುಳಿದು ಮಾಡುತ್ತಿದ್ದ ವೈನು ಮಾಲ್ಮೋದಲ್ಲಿ ಆಗಲೇ ಇಲ್ಲ. ಮಣ್ಣು ಮಾಡಿ ಬಂದ ಸಂಜೆ ಅಪ್ಪನಿಗೆ ಫೋನು ಮಾಡಿದೆ. ಸುದ್ದಿ ಹೇಳಿದೆ. ಸಮಾಧಾನವಾಗಲೆಂದು ಒಂದು ಮಾತು ಸೇರಿಸಿದೆ.

“ನೀ ಬೆಳೆಸಿಕೊಟ್ಟ ಹಣ್ಣು ತಿಂದು ಹೋದ್ರಲ್ಲಪ್ಪಾ.”

“ಸುಳ್ಳ ಹೇಳಬ್ಯಾಡವ್ವಾ,” ಅಂದ ಅಪ್ಪ. “ಹುಟ್ಟಿದಾಗಿಂದ ದ್ರಾಕ್ಷಿ ನೋಡ್ಕೊಂತ ಬಂದೀನಿ. ಅಂಗಡಿ ಹಣ್ಣು ನನಗ ಗುರ್ತು ಸಿಗೂದಿಲ್ಲೇನು? ಅವತ್ತ ತಿಳೀತು, ಆ ಬಳ್ಳಿಗೆ ನಾ ಏನು ಮಾಡಿ ಬಂದೀನಿ ಅಂತ.”

“ಮಾಸ್ತರ್ರೇ ತರಾಕ ಹೇಳಿದ್ರಪ್ಪಾ,” ಅಂದೆ.

“ನುಂಗಾಕ ಬರ್ತಿರಲಿಲ್ಲ ಅವ್ರಿಗೆ, ನೋಡಿದ್ನಿ. ನನ್ನ ಸಲುವಾಗಿ ನುಂಗಿದ್ರು,” ಅಂದ. ಮತ್ತೆ ಹೇಳಿದ: “ನಿಮ್ಮವ್ವ ಕಡೀ ದಿನ ಹಣ್ಣು ಕೇಳಿದ್ಳು. ತ್ವಾಟದಾಗ ಹಣ್ಣು ತೂಗ್ತಿದ್ದೂ. ವಸ್ತ್ರದಾಗ ಕಟ್ಕೊಂಡು ಒಯ್ದಿದ್ನಿ. ದವಾಖಾನ್ಯಾಗ ಬಾಯಾಗ ಹನಿ ನೀರೂ ಹಾಕಬ್ಯಾಡ್ರಿ ಅಂದ್ರು. ನಾ ಡಾಕ್ಟರ ಮಾತು ಕೇಳಿದ್ನಿ, ಕೊಡಲಿಲ್ಲ.”

ಇದನ್ನು ನನಗೆ ಅವನು ಯಾವತ್ತೂ ಹೇಳಿರಲಿಲ್ಲ. ನಾನು ಅಪ್ಪಾ, ಅಪ್ಪಾ ಎಂದು ಕರೆಯುತ್ತಲೇ ಇದ್ದೆ. ಅವ್ವ ಹೋದಾಗ ಒಂದು ಹನಿ ಕಣ್ಣೀರು ಹಾಕದಿದ್ದ ಮನುಷ್ಯ ಫೋನು ಕೆಳಗಿಡದೆ ಅಳುತ್ತಿದ್ದ.